ಆರು ವರ್ಷ ಆರು ಟ್ರೋಫಿ, ಆಮೇಲಿನ ಆರು ವರ್ಷ ಒಂದೇ ಒಂದು: ಬೆಂಗಳೂರು ಎಫ್‌ಸಿ ಪ್ರಕರಣ ಅಧ್ಯಯನ

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್‌ನ ಮೊದಲ ಹನ್ನೆರಡು ಸೀಸನ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಸರಿಯಾಗಿ ನಡುವೆ ಗೆರೆ ಎಳೆಯಿರಿ. ಮೇಲಿನ ಅರ್ಧ 2013–14ರಿಂದ 2018–19ರವರೆಗೆ. ಆರು ಸೀಸನ್, ಆರು ಟ್ರೋಫಿ. ಒಂದು ಸೀಸನ್ ಕೂಡ ಬರಿಗೈಯಲ್ಲಿ ಹೋಗಿಲ್ಲ. ಎರಡು ಐ-ಲೀಗ್ (ಆಗಿನ ರಾಷ್ಟ್ರೀಯ ಲೀಗ್), ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). ಕೆಳಗಿನ ಅರ್ಧ 2019–20ರಿಂದ 2024–25ರವರೆಗೆ. ಅಲ್ಲೂ ಆರು ಸೀಸನ್. ಸಿಕ್ಕಿದ್ದು 2022ರ ಡ್ಯುರಾಂಡ್ ಕಪ್ ಮಾತ್ರ.

ಮಾಲೀಕರು ಬದಲಾಗಲಿಲ್ಲ. ಊರು ಬದಲಾಗಲಿಲ್ಲ. ಮುಂದೆ ನಿಂತು ಗೋಲ್ ಹೊಡೆಯುವವರೂ ಬದಲಾಗಲಿಲ್ಲ. ಹಾಗಾದರೆ ಆಗಿದ್ದೇನು?

ಈ ಕ್ಲಬ್ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಉತ್ತರ ಸಿದ್ಧವಾಗಿರುತ್ತವೆ. ದುಡ್ಡಿತ್ತು, ಗೆದ್ದರು. ಸ್ಟ್ರೈಕರ್ ಸುನಿಲ್ ಛೆಟ್ರಿ ಇದ್ದರು, ಗೆದ್ದರು. ಎರಡರಲ್ಲೂ ನಿಜ ಇದೆ. ಆದರೆ ಗೆರೆಯ ಕೆಳಗೂ ದುಡ್ಡಿತ್ತು, ಛೆಟ್ರಿಯೂ ಇದ್ದರು. ಆಗ ಯಾಕೆ ಗೆಲ್ಲಲಿಲ್ಲ ಅನ್ನುವುದಕ್ಕೆ ಈ ಉತ್ತರಗಳು ಸಾಲುವುದಿಲ್ಲ. ನನಗೆ ಕಾಣುವುದು ಬೇರೆ. ಈ ಕ್ಲಬ್ ಶುರುವಿನಲ್ಲಿ ಗೆದ್ದಿದ್ದು ಯಾವುದೋ ಚಮತ್ಕಾರದಿಂದಲ್ಲ. ಭಾರತದ ಉಳಿದ ಕ್ಲಬ್‌ಗಳು ಮಾಡದೆ ಬಿಟ್ಟಿದ್ದ ಮಾಮೂಲಿ ಕೆಲಸಗಳನ್ನು ನೆಟ್ಟಗೆ ಮಾಡಿದ್ದರಿಂದ. ಉಳಿದವರೂ ಅವನ್ನು ಕಲಿತ ಮೇಲೆ ಅಂತರ ಕರಗಿತು.

ಕ್ಲಬ್ ಬರುವ ಮೊದಲು

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೈನಿಕರ ತಂಡಗಳು ಆಳುತ್ತಿದ್ದ ಆ ಟೂರ್ನಿಯನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಕಪ್ ಇಲ್ಲಿಗೇ ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಇದೇ ಊರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ. ಮೈಸೂರು ರಾಜ್ಯದ ತಂಡ 1946–47ರಿಂದ 1968–69ರ ನಡುವೆ ನಾಲ್ಕು ಸಲ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಹಲಸೂರು ಪಕ್ಕದ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ.

ಆದರೆ ಒಳ್ಳೆಯ ಆಟಗಾರರಾದವರು ಊರು ಬಿಡಲೇಬೇಕಿತ್ತು. ಅಹ್ಮದ್ ಖಾನ್ ಹೆಸರಾಗಿದ್ದು ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ. ಊರಲ್ಲೇ ಉಳಿದವರಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಿದ್ದವು. ಅಲ್ಲಿ ಫುಟ್‌ಬಾಲ್ ಅಂದರೆ ಕೆಲಸ ಕೊಡಿಸುವ ದಾರಿ. ನೌಕರಿ ಖಾಯಂ, ಆಟ ಅದರ ಜೊತೆಗೆ. ಎಚ್‌ಎಎಲ್ ಐ-ಲೀಗ್‌ವರೆಗೂ ಹೋಗಿತ್ತು. 2011–12ರಲ್ಲಿ ಕೆಳಗಿನ ಡಿವಿಷನ್‌ಗೆ ಇಳಿಯಿತು. ದೇಶದ ದೊಡ್ಡ ಲೀಗ್‌ನಲ್ಲಿ ಬೆಂಗಳೂರಿನ ತಂಡವೇ ಇಲ್ಲದಂತಾಯಿತು.

ದೇಶದ ಪರಿಸ್ಥಿತಿಯೂ ಚೆನ್ನಾಗಿರಲಿಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಐ-ಲೀಗ್‌ಗೂ ಹಿಂದಿನ ರಾಷ್ಟ್ರೀಯ ಲೀಗ್‌ನ ಮೊದಲ ಚಾಂಪಿಯನ್ ಆಗಿದ್ದ ಜೆಸಿಟಿ 2011ರಲ್ಲಿ ಹಿಂದೆ ಸರಿಯಿತು. ಕಂಪನಿಗೆ ಬೇಸರ ಬಂದರೆ ಕ್ಲಬ್ ಮುಗಿಯಿತು, ಅಷ್ಟೇ. ಜಾಗ ತುಂಬಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2013ರಲ್ಲಿ ಕಂಪನಿಗಳನ್ನು ಕರೆಯಿತು. ಎರಡನೇ ಡಿವಿಷನ್ ಆಡುವ ತಾಪತ್ರಯ ಇಲ್ಲ, ನೇರವಾಗಿ ಐ-ಲೀಗ್‌ಗೆ ಬನ್ನಿ ಅಂತ. ಬೆಂಗಳೂರಿನ ಹೆಸರಲ್ಲಿ ಅರ್ಜಿ ಹಾಕಿದ್ದು ಜೆಎಸ್‌ಡಬ್ಲ್ಯು. ಬಳ್ಳಾರಿಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇರುವ ಕಂಪನಿ, ಕರ್ನಾಟಕ ಅದಕ್ಕೆ ಹೊರಗಿನ ರಾಜ್ಯವಲ್ಲ. ಮಾಲೀಕರ ಕುಟುಂಬದ ಪಾರ್ಥ್ ಜಿಂದಾಲ್ ಮುಂದೆ ನಿಂತರು.

ಈ ನೇರ ಪ್ರವೇಶ ನ್ಯಾಯವೇ ಅಂತ ಆಗಲೂ ಪ್ರಶ್ನೆ ಇತ್ತು. ಕೆಳಗಿನ ಡಿವಿಷನ್‌ನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ತಂಡಗಳನ್ನು ದಾಟಿ ಒಂದು ಕಂಪನಿ ಮೇಲೆ ಬಂದು ಕೂತರೆ ಸಿಟ್ಟು ಬರದೇ ಇರುತ್ತದಾ? ಆ ಸಿಟ್ಟಿಗೆ ಅರ್ಥವಿದೆ. ಆದರೆ ಆ ಬಾಗಿಲಿನಿಂದ ಬಂದವರು ಒಳಗೆ ಏನು ಮಾಡಿದರು ಅನ್ನುವುದು ಬೇರೆ ವಿಷಯ.

ಒಂಬತ್ತು ತಿಂಗಳು

2013ರ ಜುಲೈನಲ್ಲಿ ಕ್ಲಬ್ ಹುಟ್ಟಿತು. ಕೋಚ್ ಆಗಿ ಬಂದವರು ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು, ಆಮೇಲೆ ಇಂಗ್ಲೆಂಡ್‌ನ ಕೆಳಗಿನ ಡಿವಿಷನ್‌ಗಳಲ್ಲಿ ಡಿಫೆಂಡರ್ ಆಗಿ ಆಡಿದವರು. ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ಮುಖ್ಯ ಕೋಚ್ ಆಗಿ ಹೇಳಿಕೊಳ್ಳುವಂಥ ದಾಖಲೆ ಏನೂ ಇರಲಿಲ್ಲ. ದೊಡ್ಡ ಹೆಸರು ಬೇಕು ಅಂತ ಹೊರಟಿದ್ದರೆ ಇವರನ್ನು ಯಾರೂ ಆರಿಸುತ್ತಿರಲಿಲ್ಲ.

ತಂಡ ಕಟ್ಟಿದ ರೀತಿ ನೋಡಿ. ಹೆಸರಿನ ಆಸೆ ಇದ್ದಿದ್ದು ಒಂದೇ ಕಡೆ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಬಿ ತಂಡ ಸೇರಿ, ಅಲ್ಲಿಂದ ಎರವಲಾಗಿ ಬಂದು ಚರ್ಚಿಲ್ ಬ್ರದರ್ಸ್ ಜೊತೆ ಐ-ಲೀಗ್ ಗೆದ್ದಿದ್ದ ಸುನಿಲ್ ಛೆಟ್ರಿಯನ್ನು ಕರೆತಂದರು. ಮುಂದೆ ಅವರ ಜೊತೆಗೆ ರಾಬಿನ್ ಸಿಂಗ್. ವಿದೇಶಿಯರ ವಿಷಯದಲ್ಲಿ ಉಳಿದವರು ಸಾಮಾನ್ಯವಾಗಿ ಸ್ಟ್ರೈಕರ್‌ಗಳ ಹಿಂದೆ ಬೀಳುತ್ತಿದ್ದರು. ಬೆಂಗಳೂರು ನಾಲ್ವರಲ್ಲಿ ಇಬ್ಬರನ್ನು ಡಿಫೆನ್ಸ್‌ಗೆ ತಂದಿತು. ಇಂಗ್ಲೆಂಡ್‌ನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಗೋಲ್ ಹೊಡೆಯುವ ಭಾರವನ್ನು ಭಾರತೀಯರ ಹೆಗಲಿಗೆ ಹಾಕಿತು. ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಛೆಟ್ರಿ ಆ ಸೀಸನ್‌ನಲ್ಲಿ 14 ಗೋಲ್ ಹೊಡೆದರು.

ಮೈದಾನದ ಹೊರಗಿನ ಕೆಲಸ ಇನ್ನೂ ಮುಖ್ಯ. ವೆಸ್ಟ್‌ವುಡ್ ಹುಚ್ಚು ಹಿಡಿದವರಂತೆ ಫಿಟ್‌ನೆಸ್ ಹಿಂದೆ ಬಿದ್ದರು. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಜಿಮ್‌ನಲ್ಲಿ ಎಷ್ಟು ಭಾರ ಎತ್ತಬೇಕು ಅನ್ನುವುದೆಲ್ಲ ಕೋಚಿಂಗ್‌ನ ಭಾಗವಾಯಿತು. ಕಾರ್ನರ್, ಫ್ರೀಕಿಕ್‌ನಂಥ ಸೆಟ್ ಪೀಸ್‌ಗಳನ್ನು ಬೇಜಾರು ಬರುವಷ್ಟು ಅಭ್ಯಾಸ ಮಾಡಿಸುತ್ತಿದ್ದರು. ತಂಡದ ಆಯ್ಕೆ ಕೋಚ್‌ದೇ, ಅದರಲ್ಲಿ ಪದಾಧಿಕಾರಿಗಳ ಕೈವಾಡ ಇಲ್ಲ. ಸಂಬಳ ಹೇಳಿದ ದಿನಕ್ಕೆ ಬರುತ್ತದೆ. ಹೊರದೇಶದ ಯಾವುದೇ ವೃತ್ತಿಪರ ಕ್ಲಬ್‌ನವರಿಗೆ ಇದನ್ನೆಲ್ಲ ಹೇಳಿದರೆ, ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಅಂತ ಕೇಳುತ್ತಾರೆ. ನಮ್ಮಲ್ಲಿ ಇದೇ ಸುದ್ದಿಯಾಗಿತ್ತು. ಸಂಬಳ ಬಾಕಿ ಇಟ್ಟುಕೊಳ್ಳುವುದು, ನಾಲ್ಕು ಪಂದ್ಯ ಸೋತರೆ ಕೋಚ್‌ನನ್ನು ಮನೆಗೆ ಕಳಿಸುವುದು ಭಾರತದ ಕ್ಲಬ್‌ಗಳಲ್ಲಿ ಅಷ್ಟು ರೂಢಿಯಾಗಿತ್ತು.

ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮೋಹನ್ ಬಾಗಾನ್ ಎದುರು. ಒಂದು ಕಡೆ 1889ರಲ್ಲಿ ಹುಟ್ಟಿದ ಕ್ಲಬ್, ಇನ್ನೊಂದು ಕಡೆ ಎರಡು ತಿಂಗಳ ಕೂಸು. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್‌ನ ಮೊದಲ ಗೋಲ್ ಹೊಡೆದರು. ಪಂದ್ಯ 1–1 ಡ್ರಾ. ಅಶೋಕನಗರದ ಮೈದಾನ ಚಿಕ್ಕದು, ಕೃತಕ ಹುಲ್ಲಿನದು. ಪ್ರೇಕ್ಷಕರು ಆಟಗಾರರ ಮೈಮೇಲೇ ಕೂತಂತೆ ಇರುತ್ತದೆ. ಅಲ್ಲಿ ಒಂದು ಬ್ಲಾಕ್‌ನಲ್ಲಿ ನಿಂತು ತೊಂಬತ್ತು ನಿಮಿಷವೂ ಕೂಗುತ್ತಿದ್ದ ಹುಡುಗರ ಗುಂಪೇ ಮುಂದೆ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿ ಬಳಗವಾಯಿತು. ಹೊಸ ಕ್ಲಬ್‌ಗೆ ಅಭಿಮಾನಿಗಳು ಎಲ್ಲಿಂದ ಬರುತ್ತಾರೆ ಅಂತ ಕೇಳಿದವರಿಗೆ ಉತ್ತರ ಆ ಗ್ಯಾಲರಿಯಲ್ಲೇ ಇತ್ತು. ತಂಡವಿಲ್ಲದೆ ಕಾದು ಕೂತಿದ್ದ ಊರು ಇದು.

2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ವಿರುದ್ಧ 4–2 ಗೆಲುವು. ಒಂದು ಪಂದ್ಯ ಇನ್ನೂ ಉಳಿದಿರುವಾಗಲೇ ಬೆಂಗಳೂರು ಎಫ್‌ಸಿ ಚಾಂಪಿಯನ್. 24 ಪಂದ್ಯಗಳಲ್ಲಿ 47 ಅಂಕ, ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಅದೃಷ್ಟದ ಕಪ್ ಅಂತ ಹೇಳಲು ಇಲ್ಲಿ ಜಾಗವಿಲ್ಲ. ನಾಕೌಟ್‌ನಲ್ಲಿ ಒಂದು ದಿನ ಚೆನ್ನಾಗಿ ಆಡಿ ಗೆಲ್ಲಬಹುದು, ಏಳು ತಿಂಗಳ ಲೀಗ್‌ನಲ್ಲಿ ಆಗುವುದಿಲ್ಲ.

ಎರಡನೇ ವರ್ಷದ ಸೋಲು

ಗೆದ್ದ ಕಥೆಗಿಂತ 2014–15ರ ಕಥೆ ಈ ಪ್ರಕರಣಕ್ಕೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಜನವರಿಯಲ್ಲಿ ಡೆಂಪೊವನ್ನು 2–1ರಿಂದ ಸೋಲಿಸಿ ಫೆಡರೇಷನ್ ಕಪ್ ಬಂತು. ಲೀಗ್ ಕೊನೆಯ ದಿನದವರೆಗೆ ಹೋಯಿತು. ಮೇ 31, ಕಂಠೀರವ ಕ್ರೀಡಾಂಗಣ, ಎದುರಾಳಿ ಮತ್ತೆ ಮೋಹನ್ ಬಾಗಾನ್. ಬಾಗಾನ್‌ಗೆ ಡ್ರಾ ಸಾಕು, ಬೆಂಗಳೂರು ಗೆಲ್ಲಲೇಬೇಕು. ಮಳೆ ಬೇರೆ. ಜಾನ್ಸನ್ ಗೋಲ್‌ನಿಂದ 1–0. ಇನ್ನೇನು ಕಪ್ ಕೈಗೆ ಬಂತು ಅನ್ನುವಾಗ 87ನೇ ನಿಮಿಷದಲ್ಲಿ ಬಾಗಾನ್‌ನ ಡಿಫೆಂಡರ್ ಬೆಲ್ಲೊ ರಜಾಕ್ ಹೆಡರ್‌ನಿಂದ ಗೋಲ್ ಹೊಡೆದರು. 1–1. ಕೋಲ್ಕತ್ತದ ಕ್ಲಬ್‌ಗೆ ಹದಿಮೂರು ವರ್ಷಗಳ ನಂತರ ರಾಷ್ಟ್ರೀಯ ಲೀಗ್ ಸಿಕ್ಕಿತು, ಅದೂ ಬೆಂಗಳೂರಿನ ಅಂಗಳದಲ್ಲಿ.

ಇಂಥ ಸೋಲಿನ ನಂತರ ಸಾಮಾನ್ಯವಾಗಿ ತಲೆಗಳು ಉರುಳುತ್ತವೆ. ಇಲ್ಲಿ ಏನೂ ಆಗಲಿಲ್ಲ. ವೆಸ್ಟ್‌ವುಡ್ ಉಳಿದರು. ಜಾನ್ಸನ್, ಛೆಟ್ರಿ, ಯುಜಿನ್‌ಸನ್ ಲಿಂಗ್ಡೊ, ರಿನೊ ಆಂಟೊ, ಸಿ.ಕೆ. ವಿನೀತ್ ಎಲ್ಲ ಉಳಿದರು. 2016ರ ಏಪ್ರಿಲ್‌ನಲ್ಲಿ ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2–0 ಗೆದ್ದು ಐ-ಲೀಗ್ ವಾಪಸ್ ತಂದರು. ಕೈ ಕಟ್ಟಿಕೊಂಡು ಸುಮ್ನೆ ಇರುವುದೂ ಒಂದು ನಿರ್ಧಾರವೇ. ನಮ್ಮ ಕ್ಲಬ್ ಮಾಲೀಕರಿಗೆ ಅದು ಅತಿ ಕಷ್ಟದ ನಿರ್ಧಾರ.

ಈ ನಡುವೆ ಐಎಸ್‌ಎಲ್ 2014ರಲ್ಲಿ ಶುರುವಾಗಿತ್ತು. ಮೊದಮೊದಲು ಅದು ವರ್ಷದ ಕೊನೆಯಲ್ಲಿ ಎರಡು-ಮೂರು ತಿಂಗಳು ನಡೆಯುವ ಟೂರ್ನಿ. ಐ-ಲೀಗ್ ಆಟಗಾರರು ಎರವಲಾಗಿ ಹೋಗಿ ಬರುತ್ತಿದ್ದರು. 2015ರ ಹರಾಜಿನಲ್ಲಿ ಮುಂಬೈ ಸಿಟಿ ಛೆಟ್ರಿಗೆ 1.2 ಕೋಟಿ ರೂಪಾಯಿ ಕೊಟ್ಟಿತು. ಲಿಂಗ್ಡೊ 1.05 ಕೋಟಿಗೆ ಪುಣೆಗೆ ಹೋದರು. ಅಂದರೆ ಬೆಂಗಳೂರು ತಯಾರು ಮಾಡಿದ ಆಟಗಾರರೇ ದೇಶದ ಅತಿ ದುಬಾರಿ ಆಟಗಾರರು. ದೊಡ್ಡ ಜಾಹೀರಾತು ಬೇರೆಯವರ ಲೀಗ್‌ಗೆ, ಕಷ್ಟದ ಕೆಲಸ ಈ ಕ್ಲಬ್‌ಗೆ.

ದೋಹಾ

2016ರಲ್ಲಿ ವೆಸ್ಟ್‌ವುಡ್ ಹೊರಟರು. ಬಂದವರು ಸ್ಪೇನ್‌ನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಜೊತೆ ಸಹಾಯಕರಾಗಿದ್ದವರು. ಆಟದ ರೀತಿ ಪೂರ್ತಿ ಬೇರೆ. ವೆಸ್ಟ್‌ವುಡ್ ತಂಡ ಗಟ್ಟಿ, ನೇರ. ರೋಕಾಗೆ ಚೆಂಡು ತಮ್ಮ ಬಳಿಯೇ ಇರಬೇಕು. ಇಂಥ ಬದಲಾವಣೆಗೆ ಸಮಯ ಬೇಕು. ಆದರೆ ಅವರು ಬಂದು ಕೂರುವಷ್ಟರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಕ್ವಾರ್ಟರ್‌ಫೈನಲ್ ಎದುರಿಗಿತ್ತು.

ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ವಿರುದ್ಧ ಎರಡು ಪಂದ್ಯ ಸೇರಿ 1–0. ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿ 1–1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಪಂದ್ಯ. ಹನ್ನೊಂದನೇ ನಿಮಿಷಕ್ಕೇ ಜೊಹೊರ್ ಗೋಲ್ ಹೊಡೆಯಿತು. ಅಲ್ಲಿಂದ ಛೆಟ್ರಿ ಎರಡು, ಸ್ಪೇನ್‌ನ ಡಿಫೆಂಡರ್ ಹುವಾನನ್ ಒಂದು. 3–1. ಬೆಂಗಳೂರಿನಲ್ಲಿ ಕ್ಲಬ್ ಫುಟ್‌ಬಾಲ್ ಕಂಡ ಅತಿ ದೊಡ್ಡ ರಾತ್ರಿ ಅದೇ ಅಂತ ನನ್ನ ಅಭಿಪ್ರಾಯ. ಆಮೇಲಿನ ಐಎಸ್‌ಎಲ್ ಕಪ್‌ಗಿಂತಲೂ ದೊಡ್ಡದು.

ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಇದು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಅಲ್ ಕುವಾ ಅಲ್ ಜಾವಿಯಾ, ಅಂದರೆ ಆ ದೇಶದ ವಾಯುಪಡೆಯ ಕ್ಲಬ್, ಎದುರಾಳಿ. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಿಂದ ಆಡುವಂತಿರಲಿಲ್ಲ. ಲಾಲ್‌ತುಅಮ್ಮಾವಿಯಾ ರಾಲ್ಟೆ ಗೋಲ್ ಕಾಯ್ದರು. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲ್‌ನಿಂದ ಇರಾಕಿನವರು ಗೆದ್ದರು. ಮೂರು ವರ್ಷದ ಕ್ಲಬ್ ಏಷ್ಯಾದ ಎರಡನೇ ದರ್ಜೆಯ ಕಪ್‌ನ ಬಾಗಿಲವರೆಗೆ ಹೋಗಿ ಬಂದಿತ್ತು. ಫೈನಲ್ ಮುಗಿದ ಮೇಲೆ ಛೆಟ್ರಿ ಮತ್ತಿತರರು ತಡವಾಗಿ ತಮ್ಮ ತಮ್ಮ ಐಎಸ್‌ಎಲ್ ತಂಡ ಸೇರಿಕೊಂಡರು. ಭಾರತದ ಫುಟ್‌ಬಾಲ್ ಕ್ಯಾಲೆಂಡರ್ ಎಷ್ಟು ಗೋಜಲಾಗಿತ್ತು ನೋಡಿ.

2016–17ರ ಐ-ಲೀಗ್‌ನಲ್ಲಿ ಬೆಂಗಳೂರಿಗೆ ನಾಲ್ಕನೇ ಸ್ಥಾನ. ಮಿಜೋರಾಂನ ಐಜಾಲ್ ಎಫ್‌ಸಿ ಎಲ್ಲರನ್ನೂ ದಂಗುಬಡಿಸಿ ಚಾಂಪಿಯನ್ ಆಯಿತು. ದುಡ್ಡೇ ಎಲ್ಲ ಅನ್ನುವವರಿಗೆ ಐಜಾಲ್ ಒಳ್ಳೆಯ ಉತ್ತರ. ರೋಕಾ ಅವರನ್ನು ಆಗಲೂ ಕದಲಿಸಲಿಲ್ಲ. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ವಿನೀತ್ ಎರಡು ಗೋಲ್ ಹೊಡೆದರು, ಫೆಡರೇಷನ್ ಕಪ್ ಬಂತು.

ಲೀಗ್ ಬದಲಾಯಿತು

2017ರಲ್ಲಿ ಐಎಸ್‌ಎಲ್ ಹತ್ತು ತಂಡಗಳಿಗೆ ಬೆಳೆಯಿತು, ಅವಧಿ ಐದು ತಿಂಗಳಿಗೆ ಹೋಯಿತು. ಬೆಂಗಳೂರು ಅದಕ್ಕೆ ಸೇರಿತು. ಇಲ್ಲಿ ಒಂದು ಲಾಭ ಸಿಕ್ಕಿತು. ಉಳಿದ ಐಎಸ್‌ಎಲ್ ತಂಡಗಳು ಅಲ್ಲಿಯವರೆಗೆ ವರ್ಷ ವರ್ಷ ಬಿಚ್ಚಿ ಕಟ್ಟುವ ತಂಡಗಳು. ಬೆಂಗಳೂರು ಮಾತ್ರ ನಾಲ್ಕು ವರ್ಷ ಒಟ್ಟಿಗೆ ಆಡಿದ ತಿರುಳನ್ನು ಹಿಡಿದುಕೊಂಡು ಬಂತು. ಅದಕ್ಕೆ ನಾರ್ವೆಯ ಸ್ಟಾಬೆಕ್‌ನಿಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಮಿಡ್‌ಫೀಲ್ಡ್‌ಗೆ ಆಸ್ಟ್ರೇಲಿಯಾದ ಎರಿಕ್ ಪಾರ್ಟಾಲು, ಸ್ಪೇನ್‌ನ ಡಿಮಾಸ್ ಡೆಲ್ಗಾಡೊ, ಮುಂದೆ ವೆನೆಜುವೆಲಾದ ಮಿಕು ಸೇರಿದರು.

ಲೀಗ್ ಹಂತದಲ್ಲಿ 18 ಪಂದ್ಯಗಳಿಂದ 40 ಅಂಕ, ಮೊದಲ ಸ್ಥಾನ. ಆದರೆ ಆಗ ಐಎಸ್‌ಎಲ್‌ನಲ್ಲಿ ಕಪ್ ಕೊಡುತ್ತಿದ್ದುದು ಫೈನಲ್ ಗೆದ್ದವರಿಗೆ. 2018ರ ಮಾರ್ಚ್ 17ರಂದು ತುಂಬಿದ ಕಂಠೀರವದಲ್ಲಿ ಛೆಟ್ರಿ ಬೇಗನೆ ಗೋಲ್ ಹೊಡೆದರೂ ಚೆನ್ನೈಯಿನ್ 3–2ರಿಂದ ಗೆದ್ದಿತು. ಬ್ರೆಜಿಲ್‌ನ ಮೈಲ್ಸನ್ ಆಲ್ವೆಸ್ ಎರಡು ಗೋಲ್ ಹೊಡೆದರು. ಸೆಟ್ ಪೀಸ್‌ನಿಂದ ಹೆಸರು ಮಾಡಿದ್ದ ಕ್ಲಬ್‌ಗೆ ಎದುರಾಳಿಯ ಡಿಫೆಂಡರ್ ಹೀಗೆ ಪಾಠ ಮಾಡಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಮುಂದಿನ ತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1 ಗೆದ್ದು ಸೂಪರ್ ಕಪ್ ತಂದರು.

ರೋಕಾ ಹೋದ ಮೇಲೆ ಕ್ಲಬ್ ಹೊರಗೆ ಹುಡುಕಲಿಲ್ಲ. ಸಹಾಯಕರಾಗಿದ್ದ ಕಾರ್ಲಿಸ್ ಕ್ವಾಡ್ರಾಟ್ ಅವರನ್ನೇ ಮೇಲೆ ತಂದಿತು. ಆಟಗಾರರಿಗೆ ಗೊತ್ತಿರುವ ಮನುಷ್ಯ, ಗೊತ್ತಿರುವ ಪದ್ಧತಿ. 2019ರ ಮಾರ್ಚ್ 17, ಮುಂಬೈ. ಎಫ್‌ಸಿ ಗೋವಾ ವಿರುದ್ಧ ಗೋಲ್ ಇಲ್ಲದೆ ಹೆಚ್ಚುವರಿ ಸಮಯ. 117ನೇ ನಿಮಿಷದಲ್ಲಿ ಕಾರ್ನರ್, ರಾಹುಲ್ ಭೇಕೆ ಹೆಡರ್, 1–0. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು ಫೈನಲ್ ಕೂಡ ಗೆದ್ದ ಮೊದಲ ತಂಡ ಬೆಂಗಳೂರು. ಆರು ವರ್ಷದಲ್ಲಿ ಮುಖ್ಯ ಕೋಚ್‌ಗಳು ಮೂವರೇ. ಭಾರತೀಯ ಫುಟ್‌ಬಾಲ್‌ನಲ್ಲಿ ಈ ಅಂಕಿ ಟ್ರೋಫಿಗಳಿಗಿಂತ ಅಪರೂಪ.

ಗೆರೆಯ ಕೆಳಗೆ

ಇಲ್ಲಿಂದ ಮುಂದೆ ಏನಾಯಿತು ಅಂತ ಹೇಳುವ ಮೊದಲು ಒಂದು ಎಚ್ಚರಿಕೆ. ಎರಡನೇ ಆರು ವರ್ಷ ಕುಸಿತದ ಕಥೆ ಅಂತ ತಿಳಿದರೆ ತಪ್ಪು. ಈ ಅವಧಿಯಲ್ಲೂ ಕ್ಲಬ್ ನಾಲ್ಕು ಫೈನಲ್ ಆಡಿದೆ. 2022ರ ಡ್ಯುರಾಂಡ್ ಕಪ್‌ನಲ್ಲಿ ಮುಂಬೈ ಸಿಟಿ ವಿರುದ್ಧ 2–1 ಗೆಲುವು. 2023ರ ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ 2–2, ಪೆನಾಲ್ಟಿಯಲ್ಲಿ ಸೋಲು. ಅದೇ ವರ್ಷ ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾಗೆ 1–2. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಐಎಸ್‌ಎಲ್ ಫೈನಲ್, ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 1–2. ಎರಡು ಒದೆತ ಆಚೀಚೆ ಆಗಿದ್ದರೆ ಈ ಲೇಖನದ ಶೀರ್ಷಿಕೆಯೇ ಬೇರೆ ಇರುತ್ತಿತ್ತು. ಹಾಗಂತ ಎಲ್ಲವನ್ನೂ ಅದೃಷ್ಟದ ಮೇಲೆ ಹೊರಿಸುವಂತೆಯೂ ಇಲ್ಲ. 2020–21ರಲ್ಲಿ ಏಳನೇ ಸ್ಥಾನ, 2021–22ರಲ್ಲಿ ಆರನೇ ಸ್ಥಾನ, 2023–24ರಲ್ಲಿ ಹನ್ನೆರಡರಲ್ಲಿ ಹತ್ತನೇ ಸ್ಥಾನ. ಮೊದಲ ಆರು ವರ್ಷದಲ್ಲಿ ಇಂಥದ್ದೊಂದೂ ಇರಲಿಲ್ಲ.

ಬದಲಾಗಿದ್ದು ಮೊದಲು ಹೊರಗೆ. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರಾದ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿಯ ಬಹುಪಾಲು ಶೇರು ಕೊಂಡಿತು. 2020ರಲ್ಲಿ ಎಟಿಕೆ ಮತ್ತು ಮೋಹನ್ ಬಾಗಾನ್ ಒಂದಾದವು. ಫಿಟ್‌ನೆಸ್ ಕೋಚ್, ಆಹಾರ ತಜ್ಞರು, ವಿಡಿಯೊ ವಿಶ್ಲೇಷಣೆ, ಸಮಯಕ್ಕೆ ಸಂಬಳ, ಒಂದೇ ತಿರುಳನ್ನು ಹಿಡಿದಿಟ್ಟುಕೊಳ್ಳುವುದು ಎಲ್ಲವೂ ಎಲ್ಲರಿಗೂ ಬಂತು. 2013ರಲ್ಲಿ ಬೆಂಗಳೂರಿಗೆ ಮಾತ್ರ ಗೊತ್ತಿದ್ದ ಗುಟ್ಟು ಈಗ ಲೀಗ್ ಸೇರುವುದಕ್ಕೆ ಇರಬೇಕಾದ ಕನಿಷ್ಠ ಅರ್ಹತೆ. ಇದು ಸೋಲಲ್ಲ. ಒಂದು ರೀತಿಯಲ್ಲಿ ಕ್ಲಬ್‌ನ ದೊಡ್ಡ ಕೊಡುಗೆ. ಆದರೆ ಕಪಾಟಿನಲ್ಲಿ ಇಡಲು ಬರುವಂಥದ್ದಲ್ಲ.

ಒಳಗೂ ಬದಲಾಯಿತು, ಇದಕ್ಕೆ ಕ್ಲಬ್ಬೇ ಹೊಣೆ. 2021ರ ಜನವರಿಯಲ್ಲಿ, ಸೀಸನ್ ನಡುವೆ, ಕ್ವಾಡ್ರಾಟ್ ಹೊರಟರು. ನೌಶಾದ್ ಮೂಸಾ ತಾತ್ಕಾಲಿಕವಾಗಿ ನೋಡಿಕೊಂಡರು. ಆಮೇಲೆ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ. ಆಮೇಲೆ ಇಂಗ್ಲೆಂಡ್‌ನ ಸೈಮನ್ ಗ್ರೇಸನ್. 2023ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ಜೆರಾರ್ಡ್ ಜರಗೋಜಾ. ಇಟಲಿ ಮೂಲದ ಜರ್ಮನ್, ಇಂಗ್ಲಿಷ್, ಸ್ಪ್ಯಾನಿಷ್. ಆಟದ ರೀತಿಯೂ ಅದರ ಜೊತೆ ಅಲ್ಲಿಂದಿಲ್ಲಿಗೆ ಓಲಾಡಿತು. ಆಟಗಾರರ ಖರೀದಿಯಲ್ಲೂ ಹಾಗೇ. 2022ರಲ್ಲಿ ರಾಯ್ ಕೃಷ್ಣ, ಸಂದೇಶ್ ಝಿಂಗಾನ್, ಹಾವಿ ಹೆರ್ನಾಂಡೆಜ್ ಅಂತ ಬೇರೆ ಕ್ಲಬ್‌ಗಳಲ್ಲಿ ಹೆಸರು ಮಾಡಿದವರನ್ನು ಒಟ್ಟಿಗೆ ತಂದರು. ಮೊದಲಿನ ಬೆಂಗಳೂರು, ಛೆಟ್ರಿಯಂಥ ಒಬ್ಬಿಬ್ಬರನ್ನು ಬಿಟ್ಟರೆ, ಹೆಸರು ಮಾಡಿದವರನ್ನು ಕೊಳ್ಳುತ್ತಿರಲಿಲ್ಲ, ಇಲ್ಲಿಗೆ ಬಂದವರು ಹೆಸರು ಮಾಡುತ್ತಿದ್ದರು.

ಆ 2022–23ರ ಸೀಸನ್ ವಿಚಿತ್ರವಾಗಿತ್ತು. ಅರ್ಧ ದಾರಿಯಲ್ಲಿ ತಂಡ ತಳದಲ್ಲಿ ಒದ್ದಾಡುತ್ತಿತ್ತು. ಅಲ್ಲಿಂದ ಸತತ ಎಂಟು ಲೀಗ್ ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್. ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್ ಸಿಕ್ಕಿತು. ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಛೆಟ್ರಿ ಚೆಂಡನ್ನು ಗೋಲ್‌ಗೆ ತೇಲಿಸಿದರು. ರೆಫರಿ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಕೊಚ್ಚಿಯ ಅಭಿಮಾನಿಗಳು ಇವತ್ತಿಗೂ ಮರೆತಿಲ್ಲ, ನಮ್ಮವರು ಅದನ್ನು ನೆನಪಿಸುವುದನ್ನು ಬಿಟ್ಟಿಲ್ಲ.

ಈ ಗಲಾಟೆಯಲ್ಲಿ ಮರುದಿನದ ಸುದ್ದಿ ಮುಚ್ಚಿಹೋಯಿತು. ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ. ಒಂದೇ ಊರಿನ ಎರಡು ಫುಟ್‌ಬಾಲ್ ಕಥೆಗಳು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ನಡೆದವು.

ಊರಿನ ಹುಡುಗರು, ಊರಿನ ಮೈದಾನ

ಈ ಸಂಬಂಧವಿಲ್ಲದಿರುವುದೇ ಕ್ಲಬ್‌ನ ಹಳೆಯ ಕೊರತೆ. ಮೊದಲ ತಂಡದಲ್ಲಿ ಶಂಕರ್ ಸಂಪಂಗಿರಾಜ್ ಅವರಂಥ ಬೆಂಗಳೂರಿನವರು ಇದ್ದರು. ಆದರೆ ವರ್ಷಗಳು ಕಳೆದಂತೆ ಹನ್ನೊಂದರ ತಂಡದಲ್ಲಿ ಸ್ಥಳೀಯರನ್ನು ಹುಡುಕಬೇಕಾಯಿತು. ಗೆಲ್ಲುತ್ತಿದ್ದಾಗ ಯಾರೂ ಇದನ್ನು ಕೇಳಲಿಲ್ಲ. ಕ್ಲಬ್ ಏನೂ ಮಾಡಲಿಲ್ಲ ಅಂತಲ್ಲ. ಬಳ್ಳಾರಿ ಬಳಿಯ ವಿಜಯನಗರದಲ್ಲಿರುವ ಜೆಎಸ್‌ಡಬ್ಲ್ಯುನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ವಸತಿ ಅಕಾಡೆಮಿ ಮಾಡಿತು. 2022ರಲ್ಲಿ ಯುವ ತಂಡಗಳ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿತು. ನೌರೆಮ್ ರೋಷನ್ ಸಿಂಗ್, ಶಿವಶಕ್ತಿ ನಾರಾಯಣನ್ ಕಿರಿಯರ ತಂಡದಿಂದ ಮೇಲೆ ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ವಿನಿತ್ ವೆಂಕಟೇಶ್ ಹೊಡೆದ ಗೋಲ್‌ನಿಂದ 1–0 ಗೆಲುವು ಬಂತು. ಫಲ ಬರಲು ಹತ್ತು ವರ್ಷ ಬೇಕಾಯಿತು. ಅಕಾಡೆಮಿ ಅಂದರೆ ಅಷ್ಟೇ, ಅಲ್ವಾ? ಬೇಗ ಶುರು ಮಾಡಬೇಕಿತ್ತು, ಬೇರೆ ಹೇಳುವುದಿಲ್ಲ.

ಮೈದಾನದ ಕಥೆ ಇನ್ನೊಂದು. ಕಂಠೀರವ ಕ್ಲಬ್‌ನದ್ದಲ್ಲ, ಸರ್ಕಾರದ್ದು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ. ಸುತ್ತ ಓಟದ ಟ್ರ್ಯಾಕ್ ಇದೆ. ಅಥ್ಲೆಟಿಕ್ಸ್‌ನವರಿಗೂ ಅದು ಬೇಕು. ಈ ತಗಾದೆ ನ್ಯಾಯಾಲಯದವರೆಗೂ ಹೋಗಿತ್ತು. ಟ್ರ್ಯಾಕ್ ಮೇಲೆ ಓಡುವ ಮಕ್ಕಳ ಕಡೆಯೂ ನ್ಯಾಯವಿದೆ, ಅದನ್ನು ಒಪ್ಪಲೇಬೇಕು. ಆದರೆ ಇಷ್ಟು ಟ್ರೋಫಿ ಗೆದ್ದ ಕ್ಲಬ್‌ಗೆ ಸ್ವಂತ ಸ್ಟೇಡಿಯಂ ಇಲ್ಲ ಅನ್ನುವುದು ನಿಜ. ಸ್ವಂತ ಮೈದಾನವಿದ್ದರೆ ಅದರಿಂದ ಆದಾಯವೂ ಬರುತ್ತದೆ, ಮಾಲೀಕರ ಜೇಬಿನ ಮೇಲಿನ ಭಾರವೂ ಇಳಿಯುತ್ತದೆ.

ಇನ್ನು ಛೆಟ್ರಿ. 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಆಮೇಲೆ ಬಂದ 2024–25ರ ಐಎಸ್‌ಎಲ್‌ನಲ್ಲಿ, ನಲವತ್ತು ದಾಟಿದ ಮೇಲೆ, 14 ಗೋಲ್ ಹೊಡೆದರು. ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಕೊನೆಯ ಗಳಿಗೆಯ ಹೆಡರ್. ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡವೇ ಅವರನ್ನು ವಾಪಸ್ ಕರೆಯಿತು. ಅಭಿಮಾನಿಯಾಗಿ ಚಪ್ಪಾಳೆ ಹೊಡೆಯುತ್ತೇನೆ. ಪ್ರಕರಣ ಬರೆಯುವವನಾಗಿ ಚಿಂತೆಯಾಗುತ್ತದೆ. ಮೊದಲ ಸೀಸನ್‌ನಲ್ಲಿ 14 ಗೋಲ್ ಹೊಡೆದವರೇ ಹನ್ನೆರಡನೇ ಸೀಸನ್‌ನಲ್ಲೂ 14 ಹೊಡೆಯಬೇಕಾಗಿ ಬಂದರೆ, ಈ ನಡುವೆ ಕ್ಲಬ್ ಇನ್ನೊಬ್ಬ ಭಾರತೀಯ ಸ್ಟ್ರೈಕರ್‌ನನ್ನು ತಯಾರು ಮಾಡಲಿಲ್ಲ ಅಂತಲೇ ಅರ್ಥ.

2025

ಐಎಸ್‌ಎಲ್ ನಡೆಸುವ ಕಂಪನಿಗೂ ಫೆಡರೇಷನ್‌ಗೂ ಇದ್ದ ಹಕ್ಕುಗಳ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಬೇಕಿತ್ತು. ಮುಂದೇನು ಅಂತ ತೀರ್ಮಾನವಾಗದೆ ಜುಲೈನಲ್ಲಿ ಹೊಸ ಸೀಸನ್ ಅನ್ನು ತಡೆಹಿಡಿದರು. ಪಂದ್ಯ ಇಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ. ಖರ್ಚು ಮಾತ್ರ ಹಾಗೇ ಇರುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುತ್ತಿದ್ದೇವೆ ಅಂತ.

ಹೇಳಿದ ದಿನಕ್ಕೆ ಸಂಬಳ ಕೊಡುವುದರಿಂದಲೇ ಬೇರೆಯಾಗಿ ನಿಂತಿದ್ದ ಕ್ಲಬ್ ಇದು. ಅಂಥ ಕ್ಲಬ್ಬಿಗೇ ಈ ಗತಿ ಬಂದರೆ ತಪ್ಪು ಒಂದು ಕ್ಲಬ್‌ನದ್ದಲ್ಲ. ಒಂದು ತಂಡ ತನ್ನ ಮನೆಯನ್ನು ಎಷ್ಟೇ ಚೊಕ್ಕವಾಗಿ ಇಟ್ಟುಕೊಂಡರೂ, ಬೀದಿಯೇ ಕುಸಿದರೆ ಮಾಡುವುದೇನೂ ಇಲ್ಲ. ವೆಸ್ಟ್‌ವುಡ್ ಕಾಲದ ಶಿಸ್ತಿಗೆ ಈ ಸಮಸ್ಯೆ ಬಗೆಹರಿಸುವ ಶಕ್ತಿ ಇಲ್ಲ. ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು. ಯುವ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳಿಗೆ ಈ ನಿರ್ಧಾರ ತಾಗುವುದಿಲ್ಲ, ಅವು ನಡೆಯುತ್ತವೆ ಅಂತ.